ಬ್ಯಾಕಪ್ ಟೇಪ್ ಡ್ರೈವಿಗೆ ವಾರಕ್ಕೊಂದ್ಸಲ ಕ್ಲೀನಿಂಗ್ ಟೇಪ್ ಹಾಕ್ಬೇಕಾ ಅಂತ ಕೇಳಿದ್ರಲ್ಲ

ಬೇಡ ಸಾರ್, ಎಲ್‌ಟಿಒ (ಕಂಪ್ಯೂಟರ್ ಡೇಟಾ ಬ್ಯಾಕಪ್ ಇಡೋ ಒಂದು ಥರದ ಟೇಪ್) ಡ್ರೈವ್ ಒಳಗೇ ಹೆಡ್ (ಟೇಪ್ ಓದಿ ಬರೆಯೋ ಭಾಗ) ಒರೆಸೋಕೆ ಸಣ್ಣ ಬ್ರಷ್ ಇರುತ್ತೆ, ಕ್ಲೀನಿಂಗ್ ಟೇಪು ಸ್ವಲ್ಪ ಉಜ್ಜೋ ತರದ್ದು, ಸುಮ್ಸುಮ್ನೆ ಹಾಕ್ತಿದ್ರೆ ಹೆಡ್ಡೇ ಸವೆಯುತ್ತೆ, ಡ್ರೈವ್ ತಾನಾಗೇ ಲೈಟ್ ಹಾಕಿ ಕೇಳ್ದಾಗ ಮಾತ್ರ ಹಾಕಿ.

ನಿಮ್ಮ ಎಲ್‌ಟಿಒ-6 ಬ್ಯಾಕಪ್ ಮಧ್ಯೆ ಮಧ್ಯೆ ಕರ್ರ್ ಅಂತ ನಿಂತು ಹಿಂದೆ ಹೋಗುತ್ತೆ ಅಂದ್ರಲ್ಲ, ಅದು ಕೊಳೆ ಅಲ್ಲ ಅನ್ಸುತ್ತೆ. ಆ ಡ್ರೈವಿನ ಫುಲ್ ಸ್ಪೀಡು ಸೆಕೆಂಡಿಗೆ 160 ಎಂಬಿ, ನೀವು ಒಂದು ಗಿಗಾಬಿಟ್ ನೆಟ್‌ವರ್ಕಲ್ಲಿ ಸಣ್ಣ ಸಣ್ಣ ಫೈಲು ಕಳಿಸ್ತಿದ್ರೆ ಡೇಟಾ ಸಾಲದೆ ಟೇಪು ನಿಲ್ಲುತ್ತೆ, ರಿವೈಂಡ್ ಆಗುತ್ತೆ, ಮತ್ತೆ ಓಡುತ್ತೆ, ಹಿಂಗೆ ಓಡಾಡಿ ಟೇಪೂ ಹಾಳು ಹೆಡ್ಡೂ ಹಾಳು (ನಾನೂ ಒಂದು ಡ್ರೈವ್ ಹಿಂಗೇ ಕೊಂದಿದೀನಿ). ಮೊದ್ಲು ಲೋಕಲ್ ಎಸ್‌ಎಸ್‌ಡಿಗೆ ಕಾಪಿ ಮಾಡ್ಕೊಂಡು ಅಲ್ಲಿಂದ ಟೇಪಿಗೆ ಬರೀರಿ. ಎರರ್ ಒಂದೇ ಟೇಪಲ್ಲಿ ಬರ್ತಿದ್ರೆ ಆ ಟೇಪು ಪಕ್ಕಕ್ಕಿಡಿ, ಎಲ್ಲದ್ರಲ್ಲೂ ಬಂದ್ರೆ ಡ್ರೈವ್ ಕಡೆ ನೋಡಿ.