ಟಿ.ಸಿ. ಒಯ್ಯಿರಿ ಎಂದರೆ?

ಪ್ರಶ್ನೆ: ನಾವು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ಮಗಳು ಹುಬ್ಬಳ್ಳಿಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲುತ್ತಾಳೆ, ನಮ್ಮ ನಂಬಿಕೆಯಂತೆ ಹಾಡುವುದಿಲ್ಲ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಮತವನ್ನೂ ಹಾಕಲಿಲ್ಲ. ‘ಆಗಸ್ಟ್ 15ರೊಳಗೆ ಸರಿಹೋಗದಿದ್ದರೆ ಟಿ.ಸಿ. ಒಯ್ಯಿರಿ’ ಎಂದಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಕೇಶ್ವಾಪುರ

ಉತ್ತರ: ತಂಗೀ, ಹೆದರಬೇಡಿ. ನಿಮ್ಮ ಮನೆಯ ಜಗಳ ಸುಪ್ರೀಂ ಕೋರ್ಟಿನಲ್ಲಿ ಎಂದೋ ತೀರ್ಮಾನವಾಗಿದೆ. 1985ರ ಜುಲೈಯಲ್ಲಿ ಕೇರಳದಲ್ಲಿ ನಿಮ್ಮದೇ ಪಂಥದ ಮೂವರು ಮಕ್ಕಳನ್ನು ಇದೇ ಕಾರಣಕ್ಕೆ ಶಾಲೆಯಿಂದ ಹೊರಹಾಕಿದ್ದರು. ವರ್ಷಗಳಿಂದ ಹಾಗೆಯೇ ಮೌನವಾಗಿ ನಿಲ್ಲುತ್ತಿದ್ದವರು. ಶಾಸಕರೊಬ್ಬರ ಕಣ್ಣಿಗೆ ಬಿದ್ದು ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು. ಸರ್ಕಾರ ನೇಮಿಸಿದ ಸಮಿತಿಯೇ ‘ಮಕ್ಕಳು ಅಗೌರವ ತೋರಿಲ್ಲ’ ಎಂದರೂ ಹೊರಹಾಕುವುದು ತಪ್ಪಲಿಲ್ಲ. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಎದ್ದು ನಿಂತರೆ ಗೌರವ ಸಂದಂತೆ, ಹಾಡಲೇಬೇಕೆಂಬ ಕಾನೂನಿಲ್ಲ ಎಂದಿತು. 1971ರ ರಾಷ್ಟ್ರಗೌರವ ಕಾಯ್ದೆಯಲ್ಲಿ ಅಪರಾಧವಾಗುವುದು ಬೇಕೆಂದೇ ಹಾಡನ್ನು ತಡೆಯುವುದು, ಹಾಡುವವರ ಸಭೆ ಕೆಡಿಸುವುದು. ನಿಮ್ಮ ಮಗಳು ಇವೆರಡರಲ್ಲಿ ಯಾವುದನ್ನು ಮಾಡಿದ್ದಾಳೆ?

ಮತದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಿಧಾನಸಭೆಗೇ ಕಡ್ಡಾಯವಿಲ್ಲದ ಮತದಾನ ಶಾಲೆಯ ಕ್ರೀಡಾಮಂತ್ರಿಗೆ ಕಡ್ಡಾಯವಾದೀತೇ?

ಮೇಷ್ಟ್ರುಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಂಗೇರಿಯಲ್ಲಿ ದೇಶಕ್ಕೆಲ್ಲ ಧ್ವಜ ಹೊಲಿದುಕೊಡುವ ಊರು ನಮ್ಮದು, ಅಭಿಮಾನ ಸ್ವಲ್ಪ ಹೆಚ್ಚೇ. ನಾನೂ ಮೇಷ್ಟ್ರಾಗಿದ್ದವನು. ಒಮ್ಮೆ ಎರಡನೇ ಸಾಲಿನ ಹುಡುಗನೊಬ್ಬನ ತುಟಿ ಅಲುಗದ್ದನ್ನು ಕಂಡು, ಅವನನ್ನು ಕಟ್ಟೆಯ ಮೇಲೆ ಹತ್ತಿಸಿ, ಒಬ್ಬನೇ ಹಾಡು ಎಂದೆ. ರಾಷ್ಟ್ರಗೀತೆಗೆ ಹಿಡಿಯುವುದು 52 ಸೆಕೆಂಡು. ಅಷ್ಟು ಹೊತ್ತೂ ಅವನು ಕೈ ನೀಳವಾಗಿ ಬಿಟ್ಟು, ಹಿಮ್ಮಡಿ ಕೂಡಿಸಿ ನಿಂತೇ ಇದ್ದ. ಕಿವಿಗಳು ಮಾತ್ರ ಕೆಂಪಗಾಗಿದ್ದವು. ಸಾಲಿನಲ್ಲಿ ಹಾಡುತ್ತಲೇ ಒಬ್ಬರನ್ನೊಬ್ಬರು ಚಿವುಟುತ್ತಿದ್ದ ನಾಲ್ವರಿಗೆ ನಾನು ಏನೂ ಅನ್ನಲಿಲ್ಲ. ತೀರ್ಪನ್ನು ಓದಿದ್ದು ಆಮೇಲೆ.

ಈಗ ಕೆಲಸದ ಮಾತು. ಮಗಳನ್ನು ವಾದಕ್ಕೆ ಕಳಿಸಬೇಡಿ, ಗಂಡ ಹೆಂಡತಿ ನೀವೇ ಹೋಗಿ. ಬಿಜೋ ಇಮ್ಯಾನ್ಯುಯೆಲ್ ವಿರುದ್ಧ ಕೇರಳ ರಾಜ್ಯ ಎಂಬ ಆ ತೀರ್ಪಿನ ಪ್ರತಿಯನ್ನೂ ಕನ್ನಡದಲ್ಲಿ ಬರೆದ ಒಂದು ಪುಟದ ಮನವಿಯನ್ನೂ ಹೆಡ್‌ಮಾಸ್ತರರಿಗೆ ಕೊಡಿ. ‘ಎದ್ದು ನಿಲ್ಲುತ್ತಾಳೆ’ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಆಗಸ್ಟ್ 15ರಂದು ಅವಳನ್ನು ಮನೆಯಲ್ಲಿ ಉಳಿಸಿಕೊಂಡರೆ ಅಡಗಿಸಿಟ್ಟಿರಿ ಎನ್ನುತ್ತಾರೆ, ಸಾಲಿನಲ್ಲೇ ನಿಲ್ಲಲಿ. ಅಷ್ಟಕ್ಕೂ ಅವರು ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಇನ್ನೊಂದು ಪ್ರತಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಇನ್ನೊಂದು: ‘ಸ್ವಂತ ಕಾರಣಕ್ಕೆ ಟಿ.ಸಿ. ಬೇಕು’ ಎಂಬ ಅರ್ಜಿಗೆ ಸಹಿ ಹಾಕಿ ಎಂದು ಯಾರಾದರೂ ಕಾಗದ ಮುಂದೆ ಚಾಚಿದರೆ, ಪೆನ್ನು ಮುಟ್ಟಬೇಡಿ.