ಡ್ರಿಪ್ ಹಾಕಿದ ಮೇಲೂ ಬೋರ್‌ವೆಲ್ ಬತ್ತುವುದೇಕೆ?

ಬಯಲುಸೀಮೆಯ ಗಟ್ಟಿಕಲ್ಲಿನ ಪ್ರದೇಶದಿಂದ ಬರುವ ಪ್ರಶ್ನೆಗಳು ವರ್ಷ ಬದಲಾದರೂ ಬದಲಾಗುತ್ತಿಲ್ಲ. ಕೆಲವಕ್ಕೆ ಒಂದೇ ಮಾತಿನ ಉತ್ತರ ಸಾಕು. ಎರಡನೆಯದಕ್ಕೆ ಮಾತ್ರ ಲೆಕ್ಕ ಬೇಕು, ಅದನ್ನು ಪೂರ್ತಿ ಓದಿ.

ಪ್ರಶ್ನೆ: ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲೇ ಕೊರೆಸಿದೆವು, ನೀರು ಬರಲಿಲ್ಲ. ಪಾಯಿಂಟ್ ಮಾಡಲು, ಅಂದರೆ ಕೊರೆಸುವ ಜಾಗ ಗುರುತಿಸಲು, ಬೇರೆಯವರನ್ನು ಕರೆಸಬೇಕೇ?

ಬೇಡ. ಅಂಗೈ ಮೇಲಿನ ತೆಂಗಿನಕಾಯಿಗಾಗಲಿ ಬೇವಿನ ಕವಲುಕಡ್ಡಿಗಾಗಲಿ ಬಂಡೆಯ ಬಿರುಕು ಕಾಣುವುದಿಲ್ಲ. ಪಾಯಿಂಟ್ ಮಾಡಿದವರು ದುಡ್ಡು ಎಣಿಸಿಕೊಂಡು ಹೋಗುತ್ತಾರೆ, ಸಾಲ ನಿಮ್ಮ ತಲೆಯ ಮೇಲೆ ಉಳಿಯುತ್ತದೆ. ಭೂವಿಜ್ಞಾನಿಯಿಂದ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ವಿದ್ಯುತ್ ಹರಿಸಿ ಒಳಗಿನ ಪದರ ಅಂದಾಜಿಸುವ ಪರೀಕ್ಷೆ) ಮಾಡಿಸಿ. ಅದು ಕೂಡ ಪದರಗಳ ಸುಳಿವು ಕೊಡುತ್ತದೆಯೇ ಹೊರತು ಎಷ್ಟು ಇಂಚು ನೀರು ಸಿಗುತ್ತದೆ ಎಂಬ ಲೆಕ್ಕ ಕೊಡುವುದಿಲ್ಲ. ‘ಮೂರು ಇಂಚು ಗ್ಯಾರಂಟಿ’ ಎನ್ನುವವರು ಯಾವ ಯಂತ್ರ ಹಿಡಿದು ಬಂದರೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಎರಡು ಎಕರೆಗೆ ಡ್ರಿಪ್ (ಹನಿ ನೀರಾವರಿ) ಹಾಕಿಸಿದೆ. ನೀರು ಉಳಿಯಿತು, ಇನ್ನೊಂದು ಎಕರೆಗೂ ಟೊಮೆಟೊ ಹಾಕಿದೆ. ಮೂರನೇ ವರ್ಷಕ್ಕೆ ಬೋರು ಬತ್ತಿತು. ಡ್ರಿಪ್ ನೀರು ಉಳಿಸುವುದಿಲ್ಲವೇ?

ನಿಮ್ಮ ಬೋರು ಬತ್ತಿದ ಕಾರಣ ಆ ‘ಇನ್ನೊಂದು ಎಕರೆ’ಯಲ್ಲಿದೆ. ಸಬ್ಸಿಡಿ ಹಂಚುವವರೂ ಪೈಪು ಮಾರುವವರೂ ಇದನ್ನು ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಹಾಯಿನೀರು ಕಟ್ಟುವಾಗ ನೂರು ಲೀಟರ್ ಎತ್ತಿದಿರಿ ಎನ್ನೋಣ. ಗಿಡ ಕುಡಿದದ್ದು ಅರವತ್ತು, ಬಿಸಿಲಿಗೆ ಆರಿದ್ದು ಹತ್ತು. ಉಳಿದ ಮೂವತ್ತು ಎಲ್ಲಿಗೆ ಹೋಯಿತು? ಬಹುಪಾಲು ನೆಲಕ್ಕೆ ಇಳಿದು ನಿಮ್ಮದೋ ಪಕ್ಕದವರದೋ ಬಾವಿ ಸೇರಿತು. ಡ್ರಿಪ್ ಬಂದ ಮೇಲೆ ಸುಮಾರು ಅರವತ್ತೇಳು ಲೀಟರ್ ಎತ್ತಿದರೆ ಅದೇ ಬೆಳೆ ಬರುತ್ತದೆ. ಮೂವತ್ಮೂರು ಲೀಟರ್ ಉಳಿಯಿತು ಎಂದು ಕಾಣುತ್ತದೆ. ಆದರೆ ಮೊದಲು ನೆಲಕ್ಕೆ ಇಳಿಯುತ್ತಿದ್ದ ಮೂವತ್ತು ಈಗ ಇಳಿಯುತ್ತಿಲ್ಲ. ಊರಿನ ಅಂತರ್ಜಲದ ಲೆಕ್ಕದಲ್ಲಿ ನಿಜವಾಗಿ ಉಳಿದದ್ದು ಆರಿಹೋಗುತ್ತಿದ್ದ ನೀರಿನ ಒಂದು ಪಾಲು ಮಾತ್ರ. ನೀರು ತೀರಾ ಆಳಕ್ಕೆ ಹೋಗಿರುವ ಕಡೆ ಇಂಗುವಿಕೆ ತಡವಾಗುತ್ತದೆ, ಅಲ್ಲಿ ಉಳಿತಾಯ ಸ್ವಲ್ಪ ಹೆಚ್ಚು. ಈಗ ಎತ್ತುವುದು ಕಡಿಮೆಯಾಯಿತೆಂದು ಒಂದೂವರೆಪಟ್ಟು ಜಾಗಕ್ಕೆ ಬೆಳೆ ಹಾಕಿದರೆ ಗಿಡ ಕುಡಿಯುವ ನೀರೂ ಒಂದೂವರೆಪಟ್ಟು. ಗಿಡ ಕುಡಿದ ನೀರು ಗಾಳಿ ಸೇರುತ್ತದೆ, ಬಾವಿಗೆ ವಾಪಸಾಗುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹಲವು ದೇಶಗಳ ಅನುಭವ ತಿರುವಿಹಾಕಿ ಹೇಳಿದ್ದೂ ಇದನ್ನೇ: ಎತ್ತುವ ನೀರಿಗೆ ಮಿತಿ ಹಾಕದೆ ಆಧುನಿಕ ನೀರಾವರಿ ತಂದರೆ ಒಟ್ಟು ಬಳಕೆ ಹೆಚ್ಚುವುದೇ ಸಾಮಾನ್ಯ.

ಈಗ ನೀರಿನ ಆದಾಯದ ಕಡೆಗೆ ಬನ್ನಿ. ವರ್ಷಕ್ಕೆ 600 ಮಿ.ಮೀ. ಮಳೆ, ಗ್ರಾನೈಟ್ ಅಥವಾ ನೈಸ್ (gneiss) ಎಂಬ ಗಟ್ಟಿಕಲ್ಲಿನ ಭೂಮಿ. ಇಲ್ಲಿ ಮಳೆಯ ಹತ್ತನೇ ಒಂದು ಭಾಗ ಇಂಗಿದರೆ ಪುಣ್ಯ. ಅಂದರೆ 60 ಮಿ.ಮೀ., ಎಕರೆಗೆ ಸುಮಾರು 2.4 ಲಕ್ಷ ಲೀಟರ್. ಒಂದು ಎಕರೆ ಬೇಸಿಗೆ ಟೊಮೆಟೊ ದಿನಕ್ಕೆ ಸರಾಸರಿ 4 ಮಿ.ಮೀ.ನಂತೆ 120 ದಿನ ಕುಡಿಯುವುದು 19 ಲಕ್ಷ ಲೀಟರ್‌ಗೂ ಹೆಚ್ಚು. ಒಂದು ಎಕರೆ ಟೊಮೆಟೊಗೆ ಎಂಟು ಎಕರೆಯ ಇಂಗಿದ ನೀರು ಬೇಕು! ನಿಮ್ಮ ಮೂರು ಎಕರೆಗೆ ಇಪ್ಪತ್ನಾಲ್ಕು. ಆ ಇಪ್ಪತ್ನಾಲ್ಕರಲ್ಲಿ ನಿಮ್ಮದೆಷ್ಟು, ಪಕ್ಕದವರದೆಷ್ಟು ಎಂದು ಲೆಕ್ಕ ಹಾಕಿ.

ಬೋರಿನಿಂದ ಎತ್ತುವ ನೀರಿನ ಖರ್ಚೂ ಗೊತ್ತಿರಬೇಕು. ‘ಎರಡು ಇಂಚು’ ಎಂದರೆ ಪೈಪಿನ ಅಗಲವಲ್ಲ, ವಿ-ನಾಚ್ ತಗಡಿನ (ನೀರು ಅಳೆಯಲು ವಿ ಆಕಾರಕ್ಕೆ ಕತ್ತರಿಸಿದ ತಗಡು) ಕಚ್ಚಿನಲ್ಲಿ ನೀರು ಏರಿದ ಎತ್ತರ. 90 ಡಿಗ್ರಿ ಕಚ್ಚಿನಲ್ಲಿ ಎರಡು ಇಂಚಿಗೆ ಗಂಟೆಗೆ ಸುಮಾರು 2,900 ಲೀಟರ್. ಮೂರು ಇಂಚಿಗೆ ಅದರ ಒಂದೂವರೆಪಟ್ಟಲ್ಲ, ಎರಡೂಮುಕ್ಕಾಲು ಪಟ್ಟು. ಕೊರೆಸಿದ ದಿನ ರಿಗ್‌ನವರು ಹೇಳಿದ ಇಂಚನ್ನು ಮರೆತುಬಿಡಿ. ಮೋಟರ್ ಎರಡು ಗಂಟೆ ಓಡಿದ ಮೇಲೆ 200 ಲೀಟರ್ ಡ್ರಮ್ಮಿಗೆ ನೀರು ಬಿಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಅದು ಎರಡು ಇಂಚು.

ಏಳು ಗಂಟೆ ತ್ರೀ ಫೇಸ್ ಕರೆಂಟಿಗೆ ಎರಡು ಇಂಚಿನ ಬೋರು ಕೊಡುವುದು 20,300 ಲೀಟರ್. ಬಿರುಬಿಸಿಲಿನಲ್ಲಿ ಒಂದು ಎಕರೆಗೆ 5 ಮಿ.ಮೀ. ಬೇಕೆಂದರೆ 20,200 ಲೀಟರ್. ಅಲ್ಲಿಗೆ ಮುಗಿಯಿತು: ಎರಡು ಇಂಚಿನ ಬೋರಿಗೆ ಬೇಸಿಗೆಯಲ್ಲಿ ಒಂದೇ ಎಕರೆ. ಮೂರು ಎಕರೆ ಎಂದು ಯಾರು ಹೇಳಿದರೂ ಅದು ಸುಳ್ಳು.

ಡ್ರಿಪ್ ಓಡಿಸುವುದರಲ್ಲೂ ತಪ್ಪಾಗುತ್ತಿದೆ. ಲ್ಯಾಟರಲ್ (ಸಾಲಿನ ಪೈಪು) ನಡುವೆ 1.2 ಮೀಟರ್, ಡ್ರಿಪ್ಪರ್ (ಅದರಲ್ಲಿ ನೀರು ತೊಟ್ಟಿಕ್ಕುವ ಬಾಯಿ) ನಡುವೆ 40 ಸೆಂ.ಮೀ., ಪ್ರತಿ ಡ್ರಿಪ್ಪರಿಗೆ ಗಂಟೆಗೆ 2 ಲೀಟರ್ ಇದ್ದರೆ ಬೀಳುವುದು ಗಂಟೆಗೆ 4 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬಿರುಬೇಸಿಗೆಗೂ ಒಂದೂಕಾಲು ಗಂಟೆ ಸಾಕು, ಎಳೆ ಗಿಡಕ್ಕೆ ಮುಕ್ಕಾಲು ಗಂಟೆ. ಕರೆಂಟ್ ಇದೆಯೆಂದು ಒಂದೇ ಭಾಗಕ್ಕೆ ಮೂರು ನಾಲ್ಕು ಗಂಟೆ ಬಿಟ್ಟರೆ ನೀರಿನ ಜೊತೆ ಗೊಬ್ಬರವೂ ಬೇರಿನ ಕೆಳಗೆ ಇಳಿಯುತ್ತದೆ. ಈ ಅಂತರದಲ್ಲಿ ಎಕರೆಗೆ ಸುಮಾರು 8,400 ಡ್ರಿಪ್ಪರ್, ಒಟ್ಟಿಗೆ ತೆರೆದರೆ ಗಂಟೆಗೆ 16,800 ಲೀಟರ್ ಬೇಕು. ಎರಡು ಇಂಚಿನ ಬೋರಿಗೆ ಅದು ಸಾಧ್ಯವಿಲ್ಲ. ನೀರಿನ ಒತ್ತಡ ಕುಸಿದು ಸಾಲಿನ ಮೊದಲ ಗಿಡ ಕೆಸರಿನಲ್ಲಿ ನಿಲ್ಲುತ್ತದೆ, ತುದಿಯ ಗಿಡ ಒಣಗುತ್ತದೆ. ತುದಿ ನೋಡಿ ನೀವು ಇನ್ನೂ ಎರಡು ಗಂಟೆ ಬಿಡುತ್ತೀರಿ. ಎಕರೆಯನ್ನು ಆರು ಭಾಗ ಮಾಡಿ ಪ್ರತಿ ಭಾಗಕ್ಕೂ ಒಂದು ವಾಲ್ವ್ ಹಾಕಿಸಿ. ಕರೆಂಟ್ ಬಂದೊಡನೆ ಮೋಟರನ್ನು ತಾನೇ ಓಡಿಸುವ ಆಟೋ ಸ್ಟಾರ್ಟರ್ ತೆಗೆಸಿ. ಹೊಲದಲ್ಲಿ ಆಳಿಲ್ಲದಾಗ ಓಡುವ ಮೋಟರ್ ಬೋರಿನ ಮೊದಲ ಶತ್ರು.

ಇಷ್ಟು ಮಾಡಿದರೂ ಪಕ್ಕದ ಹೊಲದವರು ಎತ್ತುತ್ತಲೇ ಇದ್ದರೆ? ಅದೇ ಅಸಲು ಕಷ್ಟ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಉಚಿತ. ಎಷ್ಟು ಎತ್ತಿದರೂ ಬಿಲ್ಲು ಬರುವುದಿಲ್ಲ, ಆದ್ದರಿಂದ ಅಳೆಯಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಅಳತೆಯನ್ನು ಊರೇ ಮಾಡಬೇಕು. ಅವಿಭಜಿತ ಆಂಧ್ರದ ಏಳು ಜಿಲ್ಲೆಗಳಲ್ಲಿ ರೈತರೇ ಮಳೆಯನ್ನೂ ಬೋರಿನ ನೀರಿನ ಮಟ್ಟವನ್ನೂ ಅಳೆದು, ಹಿಂಗಾರಿಗೆ ಮುಂಚೆ ಕೂತು ನೀರಿನ ಬಜೆಟ್ ಹಾಕಿದರು. ಮಹಾರಾಷ್ಟ್ರದ ಹಿವ್ರೆ ಬಜಾರ್ ಇನ್ನೂ ಬಿಗಿ: ಜನ ಜಾನುವಾರುಗಳ ಕುಡಿಯುವ ನೀರು ಮೊದಲು, ಉಳಿದದ್ದು ನೋಡಿ ಬೆಳೆ, ಬೇಸಾಯಕ್ಕೆ ಬೋರ್‌ವೆಲ್ ಕೊರೆಸುವಂತಿಲ್ಲ. ನೀವು ಮೂರು ನಾಲ್ಕು ಬೋರುಗಳಿಂದಲಾದರೂ ಶುರು ಮಾಡಿ. ಮೋಟರ್ ನಿಂತು ಹತ್ತು ಗಂಟೆಯಾದ ಮೇಲೆ ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆದು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಮಳೆಗಾಲ ಮುಗಿದಾಗಿನ ಮಟ್ಟ ಹೋದ ವರ್ಷಕ್ಕಿಂತ ಕೆಳಗಿದ್ದರೆ ಬೇಸಿಗೆ ಬೆಳೆಯ ಎಕರೆ ಅಷ್ಟರ ಮಟ್ಟಿಗೆ ಇಳಿಯಬೇಕು. ನಿಮ್ಮ ಮೂರನೇ ಎಕರೆಗೆ ಈ ವರ್ಷ ರಾಗಿಯೋ ಹುರುಳಿಯೋ ಸಾಕು, ಮಳೆಯ ಮೇಲೆ ಬರಲಿ.

ಪ್ರಶ್ನೆ: ಪಕ್ಕದವರು ನನ್ನ ಬೋರಿನ ಹತ್ತಿರವೇ ಕೊರೆಸಿದ್ದಾರೆ. ಕೇಸು ಹಾಕಬಹುದೇ?

1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ನಿಮ್ಮ ನೆಲದಡಿಯ ನೀರಿನ ಮೇಲೆ ನಿಮಗಿರುವ ಹಕ್ಕೇ ಅವರ ನೆಲದಲ್ಲಿ ಅವರಿಗೂ ಇದೆ. ಅದರ ಆಧಾರದಲ್ಲಿ ಕೋರ್ಟು ಅಲೆದರೆ ದುಡ್ಡು ದಂಡ. ನಿಮ್ಮದು ಅಂತರ್ಜಲ ನಿಯಂತ್ರಣಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿದ ತಾಲ್ಲೂಕಾದರೆ 2011ರ ರಾಜ್ಯ ಅಂತರ್ಜಲ ಕಾಯ್ದೆಯಡಿ ಅನುಮತಿ ಪಡೆದಿದ್ದಾರೆಯೇ ಎಂದು ವಿಚಾರಿಸಿ. ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಸಿದ್ದರೆ 1999ರ ಕಾಯ್ದೆಯಡಿ ದೂರು ಕೊಡಿ.

ಪ್ರಶ್ನೆ: ಸಾವಿರ ಅಡಿಗೂ ನೀರಿಲ್ಲ. ಸಾವಿರದ ಐನೂರಕ್ಕೆ ಹೋಗಲೇ?

ಹೋಗಬೇಡಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ.

ಪ್ರಶ್ನೆ: ಹೊಲದ ಮಳೆನೀರನ್ನು ನೇರ ಬೋರಿನ ಬಾಯಿಗೆ ಇಳಿಸಿದ ಕೇಸಿಂಗ್ ಪೈಪಿಗೆ ಬಿಡಬಹುದೇ?

ಖಂಡಿತ ಬೇಡ. ಕೆಸರು ಬಿರುಕು ಮುಚ್ಚುತ್ತದೆ, ಔಷಧಿ ಸಿಂಪಡಿಸಿದ ನೆಲದ ನೀರು ಅದೇ ಕುಡಿಯುವ ಬೋರಿಗೆ ಹೋಗುತ್ತದೆ. ಕೇಸಿಂಗ್ ಸುತ್ತ ಹತ್ತು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ಗುಂಡಿಯೊಳಗಿನ ಪೈಪಿಗೆ ತೂತು ಕೊರೆದು ನೈಲಾನ್ ಜಾಲರಿ ಸುತ್ತಿ. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಅದಕ್ಕೂ ಮೊದಲು ಹೂಳು ತಂಗುವ ಇನ್ನೊಂದು ಗುಂಡಿ ಇರಲೇಬೇಕು. ಕೊಟ್ಟಿಗೆಯ ನೀರು, ರಸ್ತೆಯ ನೀರು ಇದಕ್ಕೆ ಸೇರಕೂಡದು. ಮರಳಿನ ಪದರವನ್ನು ಪ್ರತಿ ವರ್ಷ ತೆಗೆದು ತೊಳೆಯಿರಿ.

ಪ್ರಶ್ನೆ: ನೀರು ಬಾರದ ಬೋರಿನ ಬಾಯಿಗೆ ಚೀಲ ಕಟ್ಟಿ ಕಲ್ಲು ಹೇರಿದ್ದೇವೆ. ಸಾಕಲ್ಲವೇ?

ಸಾಲದು. ಚೀಲ ಒಂದು ಬೇಸಿಗೆಗೆ ಹರಿಯುತ್ತದೆ, ಕಲ್ಲನ್ನು ಮಕ್ಕಳೇ ಸರಿಸುತ್ತಾರೆ. ಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲುಚೂರಿನಿಂದ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮುಂದೆ ಬಳಸುವ ಯೋಚನೆ ಇದ್ದರೆ ಕೇಸಿಂಗಿಗೆ ಉಕ್ಕಿನ ಮುಚ್ಚಳ ವೆಲ್ಡ್ ಮಾಡಿಸಿ ಅಥವಾ ಬೋಲ್ಟ್ ನಟ್ಟಿನಿಂದ ಬಿಗಿಸಿ. ಈ ಪುಟ ಮಡಚಿಟ್ಟು ಇವತ್ತೇ ಆ ಕೆಲಸಕ್ಕೆ ಹೊರಡಿ.