ಸುಟ್ಟ ಭವನ: ಕೆಡವುವುದೋ, ಉಳಿಸುವುದೋ?

ಪ್ರಶ್ನೆ: ನೂರು ವರ್ಷ ದಾಟಿದ ನಮ್ಮ ಸಮುದಾಯ ಭವನಕ್ಕೆ ಬೆಂಕಿ ಬಿತ್ತು. ಚಾವಣಿ ಕುಸಿದಿದೆ, ಇಟ್ಟಿಗೆ ಗೋಡೆಗಳು ಕಪ್ಪಾಗಿ ನಿಂತಿವೆ. ಸಮಿತಿಯಲ್ಲಿ ಅರ್ಧ ಜನ ‘ಕೆಡವಿ ಹೊಸದು ಕಟ್ಟೋಣ’ ಅಂತಾರೆ. ಉಳಿದವರು ‘ಹೇಗಿತ್ತೋ ಹಾಗೇ ಬೇಕು’ ಅಂತಾರೆ. ಮುಂದಿನ ತಿಂಗಳೇ ತೀರ್ಮಾನ ಆಗಬೇಕಂತೆ. ಏನು ಮಾಡಲಿ?
– ಸಮಿತಿಯ ಒಬ್ಬ ಸದಸ್ಯೆ

ಉತ್ತರ: ಮೊದಲು ಆ ‘ಮುಂದಿನ ತಿಂಗಳು’ ಅನ್ನುವುದನ್ನು ಬಿಡಿಸಿ, ಮೇಡಂ. ಹಳೇ ಕಟ್ಟಡಗಳ ರಿಪೇರಿಯೇ ನನ್ನ ಕಸುಬು. ಬೆಂಕಿ ಆರಿದ ಹೊಸದರಲ್ಲಿ ಯಾರ ಕಣ್ಣಿಗೂ ಕಟ್ಟಡ ಸರಿಯಾಗಿ ಕಾಣುವುದಿಲ್ಲ. ಮಸಿ ನೋಡಿ ಎಲ್ಲ ಹೋಯಿತು ಅನ್ನಿಸುತ್ತದೆ, ಅಷ್ಟೇ.

ಇಟ್ಟಿಗೆ ಭಟ್ಟಿಯಲ್ಲಿ ಬೆಂದೇ ಬಂದದ್ದು, ಅಷ್ಟು ಬೇಗ ಸೋಲುವುದಿಲ್ಲ. ನಡುವಿನ ಗಾರೆ ಉದುರುತ್ತಿದೆಯೇ, ಗೋಡೆ ವಾಲದೆ ನೆಟ್ಟಗೆ ನಿಂತಿದೆಯೇ, ಎಲ್ಲಿ ಬಿರುಕು ಬಿಟ್ಟಿದೆ, ಇವನ್ನು ನೋಡಿಸಿ. ಕಬ್ಬಿಣದ ತೊಲೆ ಇದ್ದರೆ ಅದು ಕೂತ ಜಾಗ ಮುಖ್ಯ. ಕಬ್ಬಿಣ ಕಾದು ಹಿಗ್ಗಿದಾಗ ಗೋಡೆಯನ್ನು ಹೊರಕ್ಕೆ ತಳ್ಳಿರುತ್ತದೆ. ಉಕ್ಕಾದರೆ 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಬಲ ಕಳೆದುಕೊಂಡಿರುತ್ತದೆ. ಮರದ ಕಥೆಯೇ ಬೇರೆ. ಅದು ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿ ಮೇಲಿನಿಂದ ಇದ್ದಿಲಾಗುತ್ತಾ ಹೋಗುತ್ತದೆ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಕುಸಿದ ದಪ್ಪ ತೊಲೆಗಳನ್ನು ಕೆರೆದು ನೋಡದೆ ಲಾರಿಗೆ ತುಂಬಿಸಬೇಡಿ. ಅವಶೇಷ ತೆಗೆಯುವಾಗ ಯಾವುದು ಎಲ್ಲಿ ಬಿದ್ದಿತ್ತು ಅಂತ ಫೋಟೋ ತೆಗೆದು, ನಂಬರ್ ಹಾಕಿ ಇಡಿ. ಗಾರೆಯ ಅಲಂಕಾರದ ಅಂಚುಪಟ್ಟಿ ಒಂದು ತುಂಡು ಸಿಕ್ಕರೂ ಸಾಕು, ಅದರಿಂದ ಅಚ್ಚು ತೆಗೆದು ಉಳಿದದ್ದನ್ನು ಎರಕ ಹೊಯ್ಯಬಹುದು.

ನನಗೆ ಬೆಂಕಿಗಿಂತ ನೀರಿನ ಭಯ ಜಾಸ್ತಿ. ಆರಿಸಲು ಸುರಿದ ನೀರೆಲ್ಲ ಗೋಡೆಯೊಳಗೆ ಕೂತಿದೆ, ಮೇಲೆ ಚಾವಣಿಯೂ ಇಲ್ಲ. ಸಾರುವೆ ಕಟ್ಟಿಸಿ ತಾತ್ಕಾಲಿಕ ತಗಡಿನ ಮಾಡು ಹಾಕಿಸಿ. ಸಮಿತಿಯ ಮೊದಲ ಖರ್ಚು ಇದೇ ಆಗಲಿ. ದಪ್ಪ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು, ವರ್ಷ ದಾಟಿದರೂ ಆಶ್ಚರ್ಯವಿಲ್ಲ. ನೋಡಲು ಚೆಂದ ಆಗಲಿ ಅಂತ ಅವಸರಕ್ಕೆ ಸಿಮೆಂಟ್ ಪ್ಲಾಸ್ಟರ್ ಬಳಿಸಿದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯೇ ಸರಿ.

ಇನ್ನು ಜಗಳದ ವಿಷಯ. ‘ಹೇಗಿತ್ತೋ ಹಾಗೇ’, ‘ಎಲ್ಲಾ ಹೊಸದು’, ಇವೆರಡೇ ದಾರಿ ಅಂತ ಯಾರು ಹೇಳಿದರು? ಲಂಡನ್ನಿನ ಬ್ಯಾಟರ್ಸೀ ಆರ್ಟ್ಸ್ ಸೆಂಟರ್ ನೋಡಿ. 1893ರಲ್ಲಿ ಟೌನ್ ಹಾಲ್ ಆಗಿ ತೆರೆದ ಕಟ್ಟಡ. 2015ರ ಮಾರ್ಚ್‌ನಲ್ಲಿ ಅದರ ಗ್ರ್ಯಾಂಡ್ ಹಾಲ್ ಸುಟ್ಟಿತು. 2018ರಲ್ಲಿ ಮತ್ತೆ ಬಾಗಿಲು ತೆರೆದಾಗ ಗೋಡೆಗಳ ಮೇಲಿನ ಸುಟ್ಟ ಬಣ್ಣವನ್ನು ಹಾಗೇ ಬಿಟ್ಟಿದ್ದರು. ಹಳೇ ಪ್ಲಾಸ್ಟರ್ ಚಾವಣಿಯ ವಿನ್ಯಾಸವನ್ನು ಪ್ಲೈವುಡ್ ಜಾಲರಿಯಲ್ಲಿ ಮೂಡಿಸಿದ್ದರು. ಆ ಜಾಲರಿಯ ಮೇಲೆ ಹೊಸ ಕಾಲದ ದೀಪ, ಧ್ವನಿ ವ್ಯವಸ್ಥೆ. ನನಗೆ ತುಂಬಾ ಹಿಡಿಸಿದ ಕೆಲಸ ಅದು. ನಿಮ್ಮಲ್ಲೂ ಹಾಗೇ ಮಾಡಿ ಅನ್ನುತ್ತಿಲ್ಲ. ಆದರೆ ಭವನದಲ್ಲಿ ಏನೇನು ನಡೆಯುತ್ತಿತ್ತು, ಯಾವುದಕ್ಕೆ ಜಾಗ ಸಾಲುತ್ತಿರಲಿಲ್ಲ ಅಂತ ಬಳಸುವವರನ್ನೇ ಕೇಳಿ. ಗಾಲಿಕುರ್ಚಿಯವರು ಒಳಗೆ ಬರಲು ಆಗುತ್ತಿತ್ತಾ? ಇಂಥದ್ದನ್ನು ಸರಿಮಾಡಲು ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ.

ಪ್ರಶ್ನೆ: ನಮ್ಮ ಹಳೇ ಸಭಾಂಗಣಕ್ಕೆ ವಿಮೆ ಇತ್ತು. ಆದರೂ ನಷ್ಟದ ಅರ್ಧ ಮಾತ್ರ ಕೊಡುತ್ತೇವೆ ಅನ್ನುತ್ತಿದ್ದಾರೆ. ಇದು ನ್ಯಾಯವೇ?

ಉತ್ತರ: ಬೇಜಾರಿನ ವಿಷಯ, ಆದರೆ ಪಾಲಿಸಿಯ ಷರತ್ತು ಓದಿ. ಕಟ್ಟಡದ ಬೆಲೆಯ ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಭಾಗಶಃ ನಷ್ಟಕ್ಕೂ ಅರ್ಧವೇ ಸಿಗುವ ನಿಯಮ ಸಾಮಾನ್ಯವಾಗಿ ಇರುತ್ತದೆ. ಹಳೇ ಕಟ್ಟಡಗಳಿಗೆ ಮಾರುಕಟ್ಟೆ ಬೆಲೆ ಹಾಕಿಸುತ್ತಾರೆ. ಬೇಕಾಗಿರುವುದು ಮತ್ತೆ ಕಟ್ಟಲು ತಗಲುವ ಖರ್ಚು. ಅವರು ಬೆಲೆ ಕಟ್ಟಿದ ರೀತಿಯನ್ನು ಬರಹದಲ್ಲಿ ಕೇಳಿ, ನಿಮ್ಮ ಕಡೆಯಿಂದಲೂ ಒಬ್ಬ ಮೌಲ್ಯಮಾಪಕರನ್ನು ಹಿಡಿಯಿರಿ.

ಪ್ರಶ್ನೆ: ರಿಪೇರಿ ಶುರುವಾಗಿದೆ. ಮತ್ತೆ ಬೆಂಕಿ ಬೀಳುವ ಸಾಧ್ಯತೆ ಇದೆಯಾ?

ಉತ್ತರ: ಖಂಡಿತ ಇದೆ. ಸ್ಕಾಟ್ಲೆಂಡಿನ ಕಲಾಶಾಲೆ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್‌ನ ಹಳೇ ಕಟ್ಟಡ 2014ರಲ್ಲಿ ಸುಟ್ಟಿತು. ದುರಸ್ತಿ ನಡೆಯುತ್ತಿರುವಾಗಲೇ 2018ರಲ್ಲಿ ಮತ್ತೆ, ಮೊದಲಿಗಿಂತ ಘೋರವಾಗಿ ಸುಟ್ಟಿತು. ವೆಲ್ಡಿಂಗ್, ಗ್ಯಾಸ್ ಕಟ್ಟರ್ ಕೆಲಸಕ್ಕೆ ಆಯಾ ದಿನದ ಲಿಖಿತ ಅನುಮತಿ ಇರಲಿ. ಕೆಲಸ ಮುಗಿದ ಮೇಲೆ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕಾಯಬೇಕು. ಮರದ ಪುಡಿ, ಖಾಲಿ ರಟ್ಟು ಸಂಜೆಗೆ ಹೊರಗೆ ಹೋಗಬೇಕು. ಕಂಟ್ರಾಕ್ಟರ್ ಗೊಣಗಿದರೆ ಗೊಣಗಲಿ.